1937–45ರ ಜಪಾನಿ ಸಾಮ್ರಾಜ್ಯದ ಪ್ರಚಾರ ಚಿತ್ರಗಳು: ಯಾವುದು ನೋಡಬೇಕು, ಯಾವ ಪ್ರಿಂಟ್ ನಂಬಬೇಕು?

ಬಾಲ್ಕನಿ ಟಿಕೆಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಫಿಲಂ ಸೊಸೈಟಿಯಲ್ಲಿ ನಾಲ್ಕು ಶನಿವಾರ ಜಪಾನಿ ಸಾಮ್ರಾಜ್ಯದ ಕಾಲದ ಯುದ್ಧಪ್ರಚಾರ ಚಿತ್ರಗಳನ್ನು ಇಟ್ಟುಕೊಳ್ಳುವ ಯೋಚನೆ ಇದೆ. ಬರೀ ಜಪಾನಿನವಲ್ಲ, ಕೊರಿಯಾ, ಮಂಚೂರಿಯಾ, ಜಾವಾ ಕಡೆ ತೆಗೆದವೂ ಬೇಕು. ಪಟ್ಟಿ ಮಾಡಲು ಕೂತರೆ ಒಂದೊಂದೂ ಒಂದೊಂದು ಗೊಂದಲ.

ಕುರೊಸಾವಾನ ಮೊದಲ ಚಿತ್ರ ‘ಸುಗಾತಾ ಸಾನ್‌ಶಿರೊ’ ಒಂದು ಕಡೆ 97 ನಿಮಿಷ, ಇನ್ನೊಂದು ಕಡೆ 79. ‘ಚೀನಾದ ರಾತ್ರಿ’ ಎರಡು ಹೆಸರಲ್ಲಿ ಸಿಗುತ್ತದೆ, ಉದ್ದವೂ ಬೇರೆ ಬೇರೆ. ಕೊರಿಯಾದ ಚಿತ್ರ ಅಂತ ಹಾಕಿದರೆ ಪಾತ್ರಗಳು ಜಪಾನಿ ಮಾತಾಡುತ್ತವೆ. ಇದೆಲ್ಲ ಯಾಕೆ ಹೀಗೆ? ಯಾವ ಕ್ರಮದಲ್ಲಿ ತೋರಿಸಿದರೆ ಪ್ರೇಕ್ಷಕರಿಗೆ ಹಿಡಿತ ಸಿಗುತ್ತದೆ? ಭಾರತಕ್ಕೆ ಸಂಬಂಧಪಟ್ಟದ್ದು ಏನಾದರೂ ಇದೆಯೇ? ಹಕ್ಕುಗಳ ವಿಷಯ ಗೊತ್ತಿದ್ದವರು ಅದನ್ನೂ ಹೇಳಿ.

ಕಚ್ಚಾ ಫಿಲಂ:

ಮೊದಲು ಕಾನೂನು ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. 1939ರ ಏಪ್ರಿಲ್‌ನಲ್ಲಿ ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ‘ಚಿತ್ರ ಕಾನೂನು’ ನಾಜಿ ಜರ್ಮನಿಯ 1934ರ ಕಾನೂನನ್ನು ನೋಡಿಕೊಂಡು ಬರೆದದ್ದು. ನಿರ್ದೇಶಕ, ನಟ, ಛಾಯಾಗ್ರಾಹಕ ಎಲ್ಲರಿಗೂ ಲೈಸೆನ್ಸ್ ಬೇಕು. ಚಿತ್ರೀಕರಣಕ್ಕೆ ಮೊದಲೇ ಚಿತ್ರಕಥೆ ಒಪ್ಪಿಸಬೇಕು. ಪ್ರತಿ ಆಟದಲ್ಲೂ ಸುದ್ದಿಚಿತ್ರ ಮತ್ತು ‘ಸಂಸ್ಕೃತಿ ಚಿತ್ರ’ ಎಂಬ ಸಾಕ್ಷ್ಯಚಿತ್ರ ಹಾಕಲೇಬೇಕು. ಹಿಂದೆ ಮುಗಿದ ಚಿತ್ರಕ್ಕೆ ಕತ್ತರಿ ಹಾಕುತ್ತಿದ್ದರು, ಈಗ ಕಾಗದದ ಮೇಲೆಯೇ ಹಾಕತೊಡಗಿದರು.

ಕಾನೂನಿಗಿಂತ ಗಟ್ಟಿಯಾದ ಹಿಡಿತ ಎಂದರೆ ಕಚ್ಚಾ ಫಿಲಂ. ಆಗಿನ ಫಿಲಂಗೂ ಸಿಡಿಮದ್ದಿಗೂ ಬೇಕಾದದ್ದು ಒಂದೇ, ನೈಟ್ರೊಸೆಲ್ಯುಲೋಸ್. 1941ರ ಆಗಸ್ಟ್‌ನಲ್ಲಿ ಸರ್ಕಾರದ ಮಾಹಿತಿ ಇಲಾಖೆ ಇದನ್ನೇ ಮುಂದಿಟ್ಟು ಕಂಪನಿಗಳ ಕುತ್ತಿಗೆ ಹಿಡಿಯಿತು. 1942ರ ಜನವರಿ ಹೊತ್ತಿಗೆ ಕಥಾಚಿತ್ರ ತೆಗೆಯಲು ಉಳಿದವು ಶೋಚಿಕು, ತೋಹೊ, ಹೊಸದಾಗಿ ಕಟ್ಟಿದ ದಾಯೆ, ಇಷ್ಟೇ. ಏಪ್ರಿಲ್‌ನಿಂದ ಇಡೀ ದೇಶಕ್ಕೆ ಹಂಚಿಕೆ ಸಂಸ್ಥೆ ಒಂದೇ. ಚಿತ್ರಮಂದಿರಗಳನ್ನು ‘ಕೆಂಪು’, ‘ಬಿಳಿ’ ಎಂದು ಎರಡು ಸಾಲು ಮಾಡಿ, ಯಾವ ವಾರ ಎಲ್ಲಿ ಏನು ಎಂಬುದನ್ನು ಆ ಸಂಸ್ಥೆಯೇ ನಿಗದಿ ಮಾಡುತ್ತಿತ್ತು.

ಈಗ 97 ಮತ್ತು 79ರ ವಿಷಯ. ‘ಸುಗಾತಾ’ 1943ರಲ್ಲಿ ಬಿಡುಗಡೆಯಾದಾಗ 97 ನಿಮಿಷ. 1944ರ ಮರುಬಿಡುಗಡೆಗೆ ನಿರ್ದೇಶಕನನ್ನು ಕೇಳದೆಯೇ ಕತ್ತರಿಸಿದರು. ಯುದ್ಧ ಮುಗಿದ ಮೇಲೆ ಕೈಗೆ ಸಿಕ್ಕಿದ್ದು ಆ 79 ನಿಮಿಷದ ಪ್ರತಿ ಮಾತ್ರ. ರಷ್ಯಾದ ಗೋಸ್‌ಫಿಲ್ಮೊಫಾಂಡ್ ಭಂಡಾರದಲ್ಲಿ ಆಮೇಲೆ ಸಿಕ್ಕ ತುಣುಕುಗಳನ್ನು ಸೇರಿಸಿದ ಉದ್ದದ ಪ್ರತಿ ಜಪಾನಿನಲ್ಲಿ ಡಿಸ್ಕ್ ಆಗಿ ಬಂದಿದೆ. ಹಾಗಾಗಿ ಕರಪತ್ರದಲ್ಲಿ ನಿಮಿಷ ಅಚ್ಚು ಹಾಕುವ ಮೊದಲು ನಿಮ್ಮ ಕೈಲಿರುವ ಪ್ರತಿಯನ್ನು ಓಡಿಸಿ ನೋಡಿ.

ಹಳೆಯ ಸೆನ್ಸಾರ್ ದಾಖಲೆಗಳಲ್ಲಿ ಉದ್ದ ಇರುವುದು ಮೀಟರ್‌ನಲ್ಲಿ. 35 ಎಂಎಂ ಫಿಲಂ ಸೆಕೆಂಡಿಗೆ 24 ಫ್ರೇಮ್‌ನಲ್ಲಿ ನಿಮಿಷಕ್ಕೆ 27.4 ಮೀಟರ್ ಓಡುತ್ತದೆ, 16 ಎಂಎಂ ಸುಮಾರು 11 ಮೀಟರ್. ಅಂದರೆ 35ರಲ್ಲಿ 2,000 ಮೀಟರ್ ಎಂದರೆ 73 ನಿಮಿಷ. ದಾಖಲೆಯ ಮೀಟರನ್ನು 27.4ರಿಂದ ಭಾಗಿಸಿ, ನಿಮ್ಮ ಪ್ರತಿಯ ನಿಮಿಷಕ್ಕೆ ಹೋಲಿಸಿ. ವ್ಯತ್ಯಾಸ ಹತ್ತು ನಿಮಿಷ ದಾಟಿದರೆ ಒಂದು ರೀಲು ಹೋಗಿದೆ ಅಥವಾ ಯಾರೋ ಕತ್ತರಿ ಆಡಿಸಿದ್ದಾರೆ ಎಂದು ತಿಳಿಯಿರಿ. ಒಂದು ರೀಲು ಸುಮಾರು ಹತ್ತು ಹನ್ನೊಂದು ನಿಮಿಷ.

ಕತ್ತರಿ ಆಡಿಸಿದವರು ಜಪಾನಿ ಸೆನ್ಸಾರ್‌ನವರೇ ಆಗಿರಬೇಕೆಂದಿಲ್ಲ. 1945ರ ನವೆಂಬರ್‌ನಲ್ಲಿ ಅಮೆರಿಕನ್ ಆಡಳಿತ 236 ಚಿತ್ರಗಳನ್ನು ನಿಷೇಧಿಸಿತು. ಮರುವರ್ಷ ಪ್ರಿಂಟು, ನೆಗೆಟಿವ್‌ಗಳನ್ನು ರಾಶಿ ಹಾಕಿ ಸುಟ್ಟರು. ಅಮೆರಿಕಕ್ಕೆ ಸಾಗಿಸಿದ್ದ ಪ್ರತಿಗಳು 1967ರಿಂದೀಚೆಗೆ ತೋಕಿಯೊಗೆ ವಾಪಸ್ ಬಂದವು. ಇವತ್ತು ನಾವು ನೋಡುವ ಎಷ್ಟೋ ಚಿತ್ರ ಉಳಿದದ್ದು ಹಾಗೆ.

ಮೊದಲ ಶನಿವಾರಕ್ಕೆ ಕಿನೋಶಿತಾ ಕೇಯ್ಸುಕೆಯ ‘ಸೈನ್ಯ’ (1944) ಹಾಕಿ. ಕಾನೂನು ಹೇಗೆ ಕೆಲಸ ಮಾಡುತ್ತಿತ್ತು, ಎಲ್ಲಿ ಸೋರುತ್ತಿತ್ತು ಎರಡೂ ಅದರಲ್ಲಿ ಕಾಣುತ್ತದೆ. ಮೂರು ತಲೆಮಾರಿನ ಸೈನಿಕ ಮನೆತನದ ಕಥೆ, ಮುಕ್ಕಾಲು ಪಾಲು ಸರ್ಕಾರ ಕೇಳಿದ್ದೇ. ಕೊನೆಯಲ್ಲಿ ಮಗನ ತುಕಡಿ ಫುಕುಓಕಾದ ಬೀದಿಯಲ್ಲಿ ಹೊರಡುತ್ತದೆ. ಚಿತ್ರಕಥೆಯಲ್ಲಿ ಇದ್ದದ್ದು ತಾಯಿ ಬೀಳ್ಕೊಡುತ್ತಾಳೆ ಎಂಬಷ್ಟೇ ಮಾತು, ಅದಕ್ಕೆ ಮುದ್ರೆ ಬಿತ್ತು. ಪರದೆಯ ಮೇಲೆ ತಾಯಿಯ ಪಾತ್ರದ ತನಕಾ ಕಿನುಯೊ ಮನೆಯಲ್ಲಿ ಸೈನಿಕರಿಗೆ ಚಕ್ರವರ್ತಿ ಹೊರಡಿಸಿದ್ದ ಆಜ್ಞೆಯ ಸಾಲುಗಳನ್ನು ಬಾಯಿಪಾಠದಂತೆ ಗೊಣಗುತ್ತಾ ಕೂತಿರುತ್ತಾಳೆ, ಕಹಳೆ ಕೇಳಿದ್ದೇ ಎದ್ದು ಓಡುತ್ತಾಳೆ. ಬಾವುಟ ಬೀಸುವ ಜನರ ನಡುವೆ ನುಗ್ಗಿ, ಎಡವಿ, ಮಗನನ್ನು ಹುಡುಕಿ, ಅವನ ಜೊತೆಜೊತೆಗೇ ಓಡಿ, ಕೊನೆಗೆ ಹಿಂದೆ ಬಿದ್ದು ಕೈ ಮುಗಿಯುತ್ತಾಳೆ. ಮಾತು ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಸೈನ್ಯದವರಿಗೆ ಸಿಟ್ಟು ಬಂತು, ಯುದ್ಧ ಮುಗಿಯುವವರೆಗೆ ಕಿನೋಶಿತಾ ಮತ್ತೊಂದು ಚಿತ್ರ ಮಾಡಲಿಲ್ಲ. ಕ್ರೈಟೀರಿಯನ್‌ನ ಎಕ್ಲಿಪ್ಸ್ ಸರಣಿಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಸಿಗುತ್ತದೆ.

ಇನ್ನೂ ಕಹಿಯಾದ ಉದಾಹರಣೆ ಬೇಕಿದ್ದರೆ ಕಮೇಯಿ ಫುಮಿಯೊನ ‘ಕಾದಾಡುವ ಸೈನಿಕರು’ (1939). ಚೀನಾದ ವೂಹಾನ್ ಮೇಲಿನ ಜಪಾನಿ ದಾಳಿಯ ಬಗ್ಗೆ ಸೈನ್ಯದ ನೆರವಿನಿಂದಲೇ ತೆಗೆದ ಸಾಕ್ಷ್ಯಚಿತ್ರ. ಹಿನ್ನೆಲೆ ನಿರೂಪಣೆ ಇಲ್ಲ. ಸುಟ್ಟ ಮನೆಯ ಮುಂದೆ ಚೀನೀ ರೈತ, ರಸ್ತೆಯಲ್ಲಿ ಕುಸಿದು ಬೀಳುವ ಕುದುರೆ, ಬಸವಳಿದ ಸೈನಿಕರು. ಬಿಡುಗಡೆಯೇ ಆಗಲಿಲ್ಲ. 1941ರಲ್ಲಿ ಕಮೇಯಿ ಜೈಲಿಗೆ ಹೋದ, ಲೈಸೆನ್ಸೂ ಹೋಯಿತು. 1975ರಲ್ಲಿ ಸಿಕ್ಕ ಪ್ರಿಂಟ್ 66 ನಿಮಿಷದ್ದು.

ಸಬ್‌ಟೈಟಲ್ ಸುಬ್ಬಿ:

ಕೊರಿಯಾದ ಭಾಗ ನಾನು ಹೇಳುತ್ತೇನೆ.

ವಸಾಹತು ಕಾಲದ ಕೊರಿಯನ್ ಕಥಾಚಿತ್ರಗಳು 2004ರ ತನಕ ಹೆಚ್ಚುಕಡಿಮೆ ಎಲ್ಲವೂ ಕಳೆದುಹೋದ ಲೆಕ್ಕ. ಆ ವರ್ಷದಿಂದ ಬೀಜಿಂಗ್‌ನ ಚೀನಾ ಫಿಲಂ ಆರ್ಕೈವ್‌ನಲ್ಲಿ ಒಂದೊಂದಾಗಿ ಸಿಗತೊಡಗಿದವು. ‘ಸೇನಾ ರೈಲು’ (1938), ‘ಸ್ವಯಂಸೇವಕ ಸೈನಿಕ’ (1941), ‘ಮನೆಯಿಲ್ಲದ ದೇವತೆಗಳು’ (1941), ಆಮೇಲೆ ‘ಪರ್ಯಾಯದ್ವೀಪದ ವಸಂತ’ (1941), ‘ಜೋಸನ್ ಜಲಸಂಧಿ’ (1943). ಕೊರಿಯನ್ ಫಿಲಂ ಆರ್ಕೈವ್ ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಇಂಥ ಹಳೆಯ ಚಿತ್ರಗಳನ್ನು ಇಂಗ್ಲಿಷ್ ಸಬ್‌ಟೈಟಲ್ ಸಮೇತ ಹಾಕುತ್ತದೆ. ಮೊದಲು ಅಲ್ಲಿ ನೋಡಿ. ಬೇರೆ ಚಾನೆಲ್‌ಗಳಲ್ಲಿ ಇರುವವು ಅದರದ್ದೇ ನಕಲು, ಎರಡು ಸಲ ಹಿಂಡಿದ ಮಸುಕು ಪ್ರತಿಗಳು.

ಭಾಷೆಯ ವಿಷಯಕ್ಕೆ ಬಂದರೆ, ಯಾವ ವರ್ಷದ ಚಿತ್ರ ಎಂಬುದನ್ನು ನೋಡಿದರೆ ಸಾಕು. 1938ರಲ್ಲಿ ಕೊರಿಯನ್ನರಿಗೆ ಜಪಾನಿ ಸೈನ್ಯದಲ್ಲಿ ‘ವಿಶೇಷ ಸ್ವಯಂಸೇವಕ’ ಎಂದು ಸೇರುವ ಅವಕಾಶ ಕೊಟ್ಟರು. 1940ರಲ್ಲಿ ಕೊರಿಯಾಕ್ಕೂ ಬೇರೆ ಚಿತ್ರ ಕಾನೂನು ಬಂತು. 1942ರಲ್ಲಿ ಖಾಸಗಿ ಕಂಪನಿಗಳನ್ನೆಲ್ಲ ಮುಚ್ಚಿ ಒಂದೇ ನಿರ್ಮಾಣ ಸಂಸ್ಥೆ ಮಾಡಿದರು. ಆಮೇಲಿನ ಕಥಾಚಿತ್ರಗಳಲ್ಲಿ ಮಾತು ಪೂರ್ತಿ ಜಪಾನಿ. 1941ರ ಚಿತ್ರಗಳಲ್ಲಿ ಎರಡೂ ಬೆರೆತಿರುತ್ತವೆ, ನೋಡಲು ಅವೇ ಹೆಚ್ಚು ಸ್ವಾರಸ್ಯ.

ನಿಮ್ಮ ಎರಡನೇ ಶನಿವಾರಕ್ಕೆ ಚೋಯ್ ಇನ್‌ಗ್ಯುನ ‘ಮನೆಯಿಲ್ಲದ ದೇವತೆಗಳು’ ಸರಿಹೋಗುತ್ತದೆ, 73 ನಿಮಿಷ. ಸೋಲ್ ಬೀದಿಯ ಅನಾಥ ಮಕ್ಕಳನ್ನು ಒಬ್ಬ ಸಜ್ಜನ ನದಿಯಾಚೆಗೆ ಕರೆದೊಯ್ದು ಆಶ್ರಮ ಕಟ್ಟುತ್ತಾನೆ. ಒಂದು ಗಂಟೆಗೂ ಹೆಚ್ಚು ಹೊತ್ತು ಇದು ಯಾವುದೇ ದೇಶದ ಒಳ್ಳೆಯ ಕರುಣಾರಸದ ಚಿತ್ರ. ಮಕ್ಕಳು ಮಾತಾಡುವುದು ಕೊರಿಯನ್. ಕೊನೆಯ ಕೆಲವು ನಿಮಿಷಗಳಲ್ಲಿ ಜಪಾನಿ ಬಾವುಟ ಏರುತ್ತದೆ, ಅದೇ ಮಕ್ಕಳು ಸಾಲಾಗಿ ನಿಂತು ಸಾಮ್ರಾಜ್ಯದ ಪ್ರಜೆಗಳ ಪ್ರತಿಜ್ಞೆಯನ್ನು ಜಪಾನಿಯಲ್ಲಿ ಒಪ್ಪಿಸುತ್ತಾರೆ. ನಿಮ್ಮ ಸಬ್‌ಟೈಟಲ್‌ನಲ್ಲಿ ಎರಡು ಭಾಷೆಗೂ ಒಂದೇ ಬಣ್ಣ ಇದ್ದರೆ ಈ ಬದಲಾವಣೆ ಪ್ರೇಕ್ಷಕರ ಕಣ್ಣಿಗೇ ಬೀಳುವುದಿಲ್ಲ. ಪಠ್ಯ ಫೈಲ್ ಸಿಕ್ಕರೆ ಜಪಾನಿ ಮಾತುಗಳನ್ನು ಓರೆ ಅಕ್ಷರಕ್ಕೆ ಬದಲಾಯಿಸಿ, ಅರ್ಧ ಗಂಟೆಯ ಕೆಲಸ. ಅದು ಆಗದಿದ್ದರೆ ಶುರುವಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಇಷ್ಟೆಲ್ಲ ಮಾಡಿಯೂ ತೋಕಿಯೊದಲ್ಲಿ ಈ ಚಿತ್ರಕ್ಕೆ ಕೊಟ್ಟ ಶಿಕ್ಷಣ ಇಲಾಖೆಯ ಶಿಫಾರಸನ್ನು ವಾಪಸ್ ಪಡೆದರು. ಕೇಳಿದ್ದಕ್ಕೆಲ್ಲ ತಲೆಬಾಗಿದರೂ ಮೇಲಿನವರಿಗೆ ಸಮಾಧಾನವಿಲ್ಲ. ಚರ್ಚೆಗೆ ಇದಕ್ಕಿಂತ ಒಳ್ಳೆಯ ಎಳೆ ಸಿಗುವುದು ಕಷ್ಟ.

ಮಂಚೂರಿಯಾ ಮೇಲ್:

ಮೂರನೇ ವಾರ ಮಂಚೂರಿಯಾ, ಶಾಂಘೈ ಇಟ್ಟುಕೊಳ್ಳಿ. ಮಾನ್‌ಎಯಿ ಎಂದು ಕರೆಯುವ ಮಂಚುಕುವೊ (ಮಂಚೂರಿಯಾದಲ್ಲಿ ಜಪಾನ್ ಕಟ್ಟಿದ ಕೈಗೊಂಬೆ ರಾಜ್ಯ) ಚಿತ್ರ ಸಂಸ್ಥೆ 1937ರ ಆಗಸ್ಟ್‌ನಲ್ಲಿ ಶಿನ್‌ಜಿಂಗ್‌ನಲ್ಲಿ, ಅಂದರೆ ಈಗಿನ ಚಾಂಗ್‌ಚುನ್‌ನಲ್ಲಿ ಹುಟ್ಟಿತು. 1939ರ ಕೊನೆಯಿಂದ ಅದರ ಮುಖ್ಯಸ್ಥ ಅಮಕಾಸು ಮಸಾಹಿಕೊ. 1923ರ ಭೂಕಂಪದ ಗಲಾಟೆಯಲ್ಲಿ ಅರಾಜಕತಾವಾದಿ ಓಸುಗಿ ಸಕಾಎ, ಇತೊ ನೊಎ ಮತ್ತು ಆರು ವರ್ಷದ ಒಬ್ಬ ಹುಡುಗನ ಕೊಲೆಗೆ ಶಿಕ್ಷೆಯಾಗಿದ್ದ ಮಿಲಿಟರಿ ಪೊಲೀಸ್ ಅಧಿಕಾರಿ ಈತ. ಇಂಥವನು ಸ್ಟುಡಿಯೊ ನಡೆಸುವಾಗ ಭಾಷಣದ ಚಿತ್ರ ಬೇಡ, ಸ್ಥಳೀಯರು ದುಡ್ಡು ಕೊಟ್ಟು ನೋಡುವ ಮನರಂಜನೆ ಬೇಕು ಎಂದ. ಜಪಾನಿನಲ್ಲಿ ಕೆಲಸ ಸಿಗದ ಎಡಪಂಥೀಯರನ್ನೂ ಸೇರಿಸಿಕೊಂಡ. 1945ರ ಆಗಸ್ಟ್ 20ರಂದು ವಿಷ ತೆಗೆದುಕೊಂಡು ಸತ್ತ. ಸ್ಟುಡಿಯೊ ಮಾತ್ರ ನಿಲ್ಲಲಿಲ್ಲ, ಅದೇ ಯಂತ್ರಗಳ ಮೇಲೆ ಕಮ್ಯುನಿಸ್ಟ್ ಚೀನಾದ ಈಶಾನ್ಯ ಚಿತ್ರ ಸ್ಟುಡಿಯೊ ಎದ್ದಿತು.

ಮಾನ್‌ಎಯಿಯ ತಾರೆ ಲಿ ಶಿಯಾಂಗ್‌ಲಾನ್, ಜಪಾನಿಗಳ ಬಾಯಲ್ಲಿ ರಿ ಕೋರಾನ್. ಚೀನೀ ನಟಿ ಎಂದೇ ಜಾಹೀರಾತು, ಹುಟ್ಟಿನಿಂದ ಜಪಾನಿ: ಯಮಗುಚಿ ಯೋಶಿಕೊ, 1920ರಲ್ಲಿ ಮಂಚೂರಿಯಾದಲ್ಲೇ ಹುಟ್ಟಿದವಳು. ಯುದ್ಧ ಮುಗಿದಾಗ ಶಾಂಘೈಯಲ್ಲಿ ದೇಶದ್ರೋಹದ ಆರೋಪ ಬಂತು. ಜಪಾನಿನ ಕುಟುಂಬ ನೋಂದಣಿಯ ಪ್ರತಿ ತರಿಸಿ ತಾನು ಚೀನೀ ಪ್ರಜೆಯೇ ಅಲ್ಲ ಎಂದು ತೋರಿಸಿದ ಮೇಲೆ 1946ರಲ್ಲಿ ಬಿಟ್ಟರು. ಮುಂದೆ 1974ರಿಂದ 1992ರವರೆಗೆ ಜಪಾನಿನ ಮೇಲ್ಮನೆಯ ಸದಸ್ಯೆ.

ನೀವು ಕೇಳಿದ, ಇವಳೇ ನಾಯಕಿಯಾದ ‘ಚೀನಾದ ರಾತ್ರಿ’ (1940) ತೋಹೊ ತೆಗೆದದ್ದು, ನಿರ್ದೇಶಕ ಫುಶಿಮಿಜು ಒಸಾಮು. ಎರಡು ಭಾಗದ ದೊಡ್ಡ ಚಿತ್ರ. ಯುದ್ಧಾನಂತರ ಕತ್ತರಿಸಿ, ಅದರಲ್ಲಿನ ಪ್ರಸಿದ್ಧ ಹಾಡಿನ ಹೆಸರಿನಲ್ಲಿ ‘ಸೂಜೌ ರಾತ್ರಿಗೀತೆ’ ಎಂದು ಮತ್ತೆ ಬಿಟ್ಟರು. ಎರಡು ಹೆಸರಿನ ಗುಟ್ಟು ಇದೇ. ಶೀರ್ಷಿಕೆಯ ಕಾರ್ಡ್‌ನಲ್ಲಿ ಯಾವ ಹೆಸರಿದೆ ನೋಡಿ, ಎರಡನೆಯದಾದರೆ ನಿಮ್ಮ ಕೈಲಿರುವುದು ಮೊಟಕು ಪ್ರತಿ.

ನಿಲ್ಲಿಸಿ ಚರ್ಚಿಸಬೇಕಾದ ದೃಶ್ಯ ಕಪಾಳಮೋಕ್ಷದ್ದು. ಜಪಾನಿ ಬಾಂಬಿನಲ್ಲಿ ಮನೆಮಠ ಕಳೆದುಕೊಂಡ ಹುಡುಗಿ ತನ್ನನ್ನು ಕಾಪಾಡಿದ ಜಪಾನಿ ನಾವಿಕನ ಉಪಚಾರವನ್ನೆಲ್ಲ ತಳ್ಳುತ್ತಾಳೆ. ನಾವಿಕನ ಪಾತ್ರದ ಹಸೇಗವಾ ಕಜುವೊ ಅವಳ ಕೆನ್ನೆಗೆ ಬಾರಿಸುತ್ತಾನೆ. ಅವಳು ಅತ್ತು, ಕ್ಷಮೆ ಕೇಳಿ, ಅವನನ್ನೇ ಪ್ರೀತಿಸತೊಡಗುತ್ತಾಳೆ. ಜಪಾನಿ ಪ್ರೇಕ್ಷಕರಿಗೆ ಅದು ಒರಟು ಪ್ರೀತಿ. ಚೀನೀಯರಿಗೆ ಹೊಡೆತವೂ ಅವಮಾನ, ಹೊಡೆಸಿಕೊಂಡವಳು ಒಲಿಯುವುದು ದುಪ್ಪಟ್ಟು ಅವಮಾನ. ಶತ್ರು ಯಾಕೆ ಕಾಣುವುದಿಲ್ಲ ಎಂದು ಯಾರಾದರೂ ಕೇಳಿದರೆ ಇದನ್ನೇ ತೋರಿಸಿ. ಈ ಚಿತ್ರಗಳಿಗೆ ಸೋಲಿಸಬೇಕಾದ ಶತ್ರುವಿಗಿಂತ ಒಲಿಸಿಕೊಳ್ಳಬೇಕಾದ ಏಷ್ಯಾ ಮುಖ್ಯ.

ಬಾಲ್ಕನಿ ಟಿಕೆಟ್:

ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ‘ಮೊಮೊತಾರೊ’ ಕಾರ್ಟೂನ್ ಇದೆಯಲ್ಲ, ಕೊನೆಯ ವಾರಕ್ಕೆ ಅದನ್ನು ಇಡೋಣ ಎಂದು ಒಬ್ಬ ಸದಸ್ಯರು. ಮಕ್ಕಳನ್ನೂ ಕರೆತರಬಹುದೇ?

ತೆಂಕಣ ಸಾಗರ:

ಕರೆತರಬಹುದು, ಆದರೆ ಒಬ್ಬರು ಪಕ್ಕದಲ್ಲಿ ಕೂತು ಮಾತಾಡಬೇಕು. ‘ಮೊಮೊತಾರೊ: ಕಡಲಿನ ದಿವ್ಯ ಯೋಧರು’ ಜಪಾನಿ ಜಾನಪದ ಕಥೆಯ ನಾಯಕ ಮೊಮೊತಾರೊ ಪ್ರಾಣಿಗಳ ಸೈನ್ಯದೊಂದಿಗೆ ಯುದ್ಧಕ್ಕೆ ಹೋಗುವ ಚಿತ್ರ, 74 ನಿಮಿಷ, ನೌಕಾಪಡೆಯ ದುಡ್ಡು, ಸೆಒ ಮಿತ್ಸುಯೊ ನಿರ್ದೇಶನ. 1945ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗ ನಗರಗಳು ಬಾಂಬಿಗೆ ಉರಿಯುತ್ತಿದ್ದವು, ನೋಡಿದವರು ಕಡಿಮೆ. ನೋಡಿದವರಲ್ಲಿ ಮುಂದೆ ಕಾಮಿಕ್ಸ್, ಕಾರ್ಟೂನ್‌ಗಳಿಗೆ ಹೆಸರಾದ ಹುಡುಗ ತೆಜುಕಾ ಒಸಾಮು ಒಬ್ಬ. ಕಳೆದೇ ಹೋಯಿತು ಎಂದಿದ್ದ ಚಿತ್ರದ ನೆಗೆಟಿವ್ 1980ರ ದಶಕದಲ್ಲಿ ಶೋಚಿಕು ಗೋದಾಮಿನಲ್ಲಿ ಸಿಕ್ಕಿತು. 2016ರಲ್ಲಿ ಕಾನ್ ಉತ್ಸವದಲ್ಲಿ ತೋರಿಸಿದ ಪುನಶ್ಚೇತನದ ಪ್ರತಿ ಬ್ಲೂರೇ ಆಗಿದೆ. ಹಳೆಯ ಡಿವಿಡಿ ನಕಲು ಮುಟ್ಟಬೇಡಿ, ಆಕಾಶದ ದೃಶ್ಯಗಳಲ್ಲಿ ಬೂದುಬಣ್ಣದ ಸೂಕ್ಷ್ಮವೆಲ್ಲ ಹೋಗಿರುತ್ತದೆ.

ಎರಡು ಕಡೆ ನಿಲ್ಲಿಸಿ. ಒಂದು, ದ್ವೀಪದ ಪ್ರಾಣಿಗಳಿಗೆ ನಾಯಿ ಸೈನಿಕ ಜಪಾನಿ ಅಕ್ಷರ ಕಲಿಸುವ ‘ಅ-ಇ-ಉ-ಎ-ಒ’ ಹಾಡು. ಗದ್ದಲದ ತರಗತಿ ರಾಗ ಹಿಡಿದದ್ದೇ ಸಾಲಿಗೆ ಬರುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ತಟ್ಟಲಿ, ಆಮೇಲೆ ಕೇಳಿ: ಈ ದ್ವೀಪದವರ ಸ್ವಂತ ಮಾತು ನಮಗೆ ಯಾಕೆ ಕೇಳಿಸಲಿಲ್ಲ? ಇನ್ನೊಂದು ಕೊನೆಯ ಭಾಗ. ಕೊಂಬಿನ ರಾಕ್ಷಸರಾದ ಇಂಗ್ಲಿಷ್ ಅಧಿಕಾರಿಗಳು ತಡವರಿಸುತ್ತಾ ಇಂಗ್ಲಿಷ್‌ನಲ್ಲೇ ಶರಣಾಗುತ್ತಾರೆ. ಆಮೇಲೆ ಊರಲ್ಲಿ ಮರಿಗಳು ಪ್ಯಾರಾಚೂಟ್ ಆಟ ಆಡುತ್ತಾ ಮರದಿಂದ ನೆಲಕ್ಕೆ ಹಾರುತ್ತವೆ. ನೆಲದ ಮೇಲೆ ಬರೆದಿರುವುದು ಅಮೆರಿಕದ ನಕ್ಷೆ.

ಕೊನೆಯ ವಾರಕ್ಕೆ ಇದರ ಜೊತೆ ಜಾವಾದ ‘ಕಾಲಿಂಗ್ ಆಸ್ಟ್ರೇಲಿಯಾ’ (1943) ಬಗ್ಗೆಯೂ ಹೇಳಿ. ಯುದ್ಧಕೈದಿಗಳು ಈಜುತ್ತಾ, ಬಿಯರ್ ಕುಡಿಯುತ್ತಾ ಸುಖವಾಗಿದ್ದಾರೆ ಎಂದು ಆಸ್ಟ್ರೇಲಿಯಾದವರಿಗೆ ತೋರಿಸಲು ಕೈದಿಗಳಿಂದಲೇ ಆಡಿಸಿದ ನಾಟಕ. ಯುದ್ಧ ಮುಗಿದ ಮೇಲೆ ಡಚ್ಚರು ಅದೇ ದೃಶ್ಯಗಳನ್ನು ಬಳಸಿ, ಹೇಗೆ ಸುಳ್ಳು ಕಟ್ಟಿದರು ಎಂದು ಬಯಲು ಮಾಡುವ ಚಿತ್ರ ಮಾಡಿದರು. ಮೂಲ ನಿರ್ದೇಶಕ ಕೊರಿಯನ್. ಹುಟ್ಟುಹೆಸರು ಹಒ ಯಂಗ್, ಜಪಾನಿನಲ್ಲಿ ಹಿನಾತ್ಸು ಎಯ್‌ತಾರೊ, ಕೊರಿಯನ್ನರನ್ನು ಸೈನ್ಯಕ್ಕೆ ಕರೆಯುವ ‘ನೀನು ಮತ್ತು ನಾನು’ (1941) ಈತನದೇ. ಸೋಲಿನ ನಂತರ ಜಾವಾದಲ್ಲೇ ಉಳಿದು ಡಾ. ಹುಯುಂಗ್ ಹೆಸರಲ್ಲಿ ಸ್ವತಂತ್ರ ಇಂಡೊನೇಷ್ಯಾದ ಚಿತ್ರರಂಗದವರಿಗೆ ಪಾಠ ಹೇಳಿದ.

ಭಾರತದ ನಂಟು ಕೇಳಿದಿರಿ. ಕಿನುಗಾಸಾ ತೇಯ್ನೊಸುಕೆಯ 1943ರ ಒಂದು ತೋಹೊ ಚಿತ್ರದಲ್ಲಿ ಮೇಲೆ ಹೇಳಿದ ಹಸೇಗವಾನೇ ಭಾರತೀಯ ರಾಜಕುಮಾರ. ಇನ್ನೂ ದೊಡ್ಡ ಹೆಸರು ನಿರ್ದೇಶಕ ಓಜು. 1943ರಲ್ಲಿ ಸೈನ್ಯ ಅವನನ್ನು ಸಿಂಗಾಪುರಕ್ಕೆ ಕಳಿಸಿತು, ಆಜಾದ್ ಹಿಂದ್ ಫೌಜ್ ಮೇಲೆ ಚಿತ್ರ ಮಾಡಲು. ಮುಗಿಯಲಿಲ್ಲ. ಜಪಾನ್ ಸೋತಾಗ ತೆಗೆದಿದ್ದನ್ನೆಲ್ಲ ಅವನೇ ಸುಟ್ಟ. ಅಲ್ಲಿದ್ದಷ್ಟು ದಿನ ಬ್ರಿಟಿಷರಿಂದ ವಶಪಡಿಸಿಕೊಂಡ ಹಾಲಿವುಡ್ ಚಿತ್ರಗಳನ್ನು ಕೂತು ನೋಡಿದ, ‘ಸಿಟಿಜನ್ ಕೇನ್’ ಸಮೇತ. ತೋರಿಸಲು ಏನಾದರೂ ಬೇಕಿದ್ದರೆ ಎನ್‌ಎಚ್‌ಕೆಯ ಯುದ್ಧಸಾಕ್ಷ್ಯ ಜಾಲತಾಣದಲ್ಲಿ ‘ನಿಪ್ಪಾನ್ ನ್ಯೂಸ್’ ಸುದ್ದಿಚಿತ್ರಗಳು ಉಚಿತವಾಗಿ ನೋಡಲು ಸಿಗುತ್ತವೆ. 1943ರ ನವೆಂಬರ್‌ನ ಸಂಚಿಕೆಗಳನ್ನು ತೆರೆಯಿರಿ. ನೇತಾಜಿ ವೀಕ್ಷಕರಾಗಿ ಹೋಗಿದ್ದ ಮಹಾ ಪೂರ್ವ ಏಷ್ಯಾ ಸಮಾವೇಶ ನಡೆದದ್ದು ಆಗ, ತೋಕಿಯೊದಲ್ಲಿ. ಇಂಗ್ಲಿಷ್ ಸಬ್‌ಟೈಟಲ್ ಇಲ್ಲ, ಮೊದಲೇ ಅನುವಾದದ ಚೀಟಿ ಮಾಡಿಕೊಳ್ಳಿ.

ಹಾಗೆಂದು ಜಪಾನಿಗಳಷ್ಟೇ ಎಂದುಕೊಳ್ಳಬೇಡಿ. ಅದೇ ಹೊತ್ತಿಗೆ ಬ್ರಿಟಿಷ್ ಸರ್ಕಾರ ಇಲ್ಲಿ ಕಥಾಚಿತ್ರಗಳನ್ನು 11,000 ಅಡಿಗೆ ಕಟ್ಟಿಹಾಕಿ, 1943ರಿಂದ ಪ್ರತಿ ಆಟದಲ್ಲೂ ತಾನು ಒಪ್ಪಿದ ಪ್ರಚಾರ ರೀಲು ಹಾಕಿಸಿತು. ನಮ್ಮ ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ದಶಕಗಟ್ಟಲೆ ಬರುತ್ತಿದ್ದ ಕಪ್ಪುಬಿಳುಪು ಸುದ್ದಿಚಿತ್ರದ ಬೇರು ಅಲ್ಲಿದೆ.

ಪ್ರೊಜೆಕ್ಟರ್ ರೂಮ್:

ತಾಂತ್ರಿಕ ವಿಷಯ ಯಾರೂ ಮುಟ್ಟಿಲ್ಲ.

ಈ ಚಿತ್ರಗಳ ಚೌಕಟ್ಟು 1.37:1, ಹೆಚ್ಚುಕಡಿಮೆ ಚೌಕ. ಪ್ರೊಜೆಕ್ಟರ್ 16:9ಕ್ಕೆ ಇದ್ದರೆ ಅಗಲಕ್ಕೆ ಎಳೆದು ಮುಖಗಳು ಕುಂಬಳಕಾಯಿ ಆಗುತ್ತವೆ, ಇಲ್ಲವೇ ‘ಜೂಮ್’ ಆಗಿ ತಲೆಗಳೂ ಕೆಳಗಿನ ಸಬ್‌ಟೈಟಲ್ಲೂ ಹಾರಿಹೋಗುತ್ತವೆ. ಪ್ಲೇಯರ್, ಪ್ರೊಜೆಕ್ಟರ್ ಎರಡರಲ್ಲೂ ಅನುಪಾತ ‘ಮೂಲದಂತೆ’ ಇರಲಿ. ಅಕ್ಕಪಕ್ಕ ಕಪ್ಪು ಪಟ್ಟಿ ಬರಬೇಕು, ಬಂದರೆ ಸರಿ ಇದೆ ಎಂದರ್ಥ.

ಯೂರೋಪಿನ ಟಿವಿ ಪದ್ಧತಿಯಾದ ಪಾಲ್‌ನ ಡಿಸ್ಕ್ ಆದರೆ ಸೆಕೆಂಡಿಗೆ 25 ಫ್ರೇಮ್ ಓಡುತ್ತದೆ. 73 ನಿಮಿಷದ ಚಿತ್ರ 70ಕ್ಕೆ ಮುಗಿಯುತ್ತದೆ, ದನಿ ಸ್ವಲ್ಪ ಕೀರಲು. ಇದನ್ನು ಕತ್ತರಿ ಎಂದು ತಪ್ಪು ತಿಳಿಯಬೇಡಿ. ಶೇ. 4ರಷ್ಟು ಮಾತ್ರ ಕಡಿಮೆ ಬಂದರೆ ಅದು ವೇಗ. ಅದಕ್ಕಿಂತ ಹೆಚ್ಚಾದರೆ ಆಗ ಕಚ್ಚಾ ಫಿಲಂ ಅವರ ಮೀಟರ್ ಲೆಕ್ಕಕ್ಕೆ ಬನ್ನಿ.

ಶೀರ್ಷಿಕೆ ಕಾರ್ಡಿನ ಇಸವಿ ಓದುವುದು ಹೀಗೆ: ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಶೋವಾ ವರ್ಷಕ್ಕೆ 1925 ಕೂಡಿಸಿ. ‘ಕೋಕಿ’ ಎಂಬ ಸಾಮ್ರಾಜ್ಯದ ಶಕೆಯಿಂದ 660 ಕಳೆಯಿರಿ. ಮಂಚುಕುವೊದ ಕಾಂಗ್ಡೆ ವರ್ಷಕ್ಕೆ 1933 ಕೂಡಿಸಿ. ಶೋವಾ 15, ಕೋಕಿ 2600, ಕಾಂಗ್ಡೆ 7 ಮೂರೂ 1940.

ಹಕ್ಕು: ನಮ್ಮ ಕಾನೂನಿನಲ್ಲಿ ಚಿತ್ರಕ್ಕೆ ಪ್ರಕಟಣೆಯ ನಂತರ 60 ವರ್ಷ, ಹಾಗಾಗಿ 1945ರ ಒಳಗಿನವುಗಳ ಅವಧಿ ಇಲ್ಲಿ ಮುಗಿದಿದೆ. ಜಪಾನಿನಲ್ಲಿ ಹಳೆಯ ಕಾನೂನಿನ ಪ್ರಕಾರ ನಿರ್ದೇಶಕ ಸತ್ತು 38 ವರ್ಷದವರೆಗೆ ಹಕ್ಕು ಉಳಿಯುತ್ತದೆ ಎಂದು ಕೋರ್ಟುಗಳು ಹೇಳಿವೆ. 1998ರಲ್ಲಿ ಸತ್ತ ಕುರೊಸಾವಾನ ಚಿತ್ರಗಳಿಗೆ ಅಲ್ಲಿ 2036ರವರೆಗೆ ರಕ್ಷಣೆ ಇದೆ. ಅದಕ್ಕೇ ಅಲ್ಲಿನ ಕಂಪನಿಗಳಿಗೆ ಪತ್ರ ಬರೆದರೆ ಶುಲ್ಕ ಕೇಳುತ್ತಾರೆ. ಸಬ್‌ಟೈಟಲ್‌ಗೆ ಬೇರೆಯೇ ಹಕ್ಕು, ಅದು ಹೊಸದು. ಮನೆಯಲ್ಲಿ ನೋಡಲು ಮಾರಿದ ಡಿಸ್ಕನ್ನು ಟಿಕೆಟ್ ಇಟ್ಟು ತೋರಿಸಬೇಡಿ. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಅಥವಾ ವಿನಾಯಿತಿ ಬೇಕು. ಬರೀ ಸದಸ್ಯರಿಗಾದರೂ ನಿಮ್ಮ ಸೊಸೈಟಿಯ ಒಕ್ಕೂಟದವರನ್ನು ಕೇಳಿಕೊಂಡೇ ಮುಂದುವರಿಯಿರಿ. ಕೊರಿಯನ್ ಆರ್ಕೈವ್‌ಗೆ ನೇರವಾಗಿ ಇಮೇಲ್ ಮಾಡಿ ಪ್ರದರ್ಶನದ ಪ್ರತಿ ಕೇಳಿ, ಯೂಟ್ಯೂಬ್‌ನಿಂದ ಇಳಿಸಿದ್ದು ದೊಡ್ಡ ಪರದೆಗೆ ನಿಲ್ಲುವುದಿಲ್ಲ. ಮುಂದಿನ ತಿಂಗಳೇ ಅಂತಿದ್ದರೆ ಪತ್ರ ಈ ವಾರವೇ ಹೋಗಲಿ.